ಮುಯ್ಯಿ ಪುಸ್ತಕದಲ್ಲಿ ಹೆಸರಿಲ್ಲದವರು

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೊಸಬರು ಕಂಡರೆ ಮೊದಲು ಕೇಳೋದು ಊರು, ಹೆಸರು ಆಮೇಲೆ. "ಯಾವೂರಣ್ಣ ನಿಮ್ದು?" ಉತ್ತರ ಸಿಂಧನೂರು ಅಂತಲೋ ಬೀದರ್ ಅಂತಲೋ ಒಡಿಶಾ ಅಂತಲೋ ಬಂದರೆ, ಕೇಳಿದವರು "ಓ, ದೂರ" ಅಂದು ಸುಮ್ಮನಾಗುತ್ತಾರೆ. ಬಂದವರಿಗೆ ಅದು ತಿರಸ್ಕಾರದ ಹಾಗೆ ಕಾಣುತ್ತದೆ. ಅದೇ ಮುಳಬಾಗಿಲು ಅಂದಿದ್ದರೆ ಮಾತು ಮುಂದುವರಿಯುತ್ತಿತ್ತು: ಅಲ್ಲಿ ಯಾರ ಮನೆ, ನಮ್ಮ ಚಿಕ್ಕಮ್ಮನ್ನ ಆ ಊರಿಗೇ ಕೊಟ್ಟಿರೋದು, ಇಂಥವರು ಗೊತ್ತಾ ನಿಮಗೆ. ದೂರದ ಊರಿನ ಹೆಸರು ಕೇಳಿದಾಗ ಹಿಡಿದುಕೊಳ್ಳೋಕೆ ಅಂಥ ಎಳೆ ಸಿಗುವುದಿಲ್ಲ. ಈ ಸೀಮೆಯಲ್ಲಿ ಹೊರಗಿನವರಾಗಿ ಇರೋದು ಅಂದರೆ ಬಹುಮಟ್ಟಿಗೆ ಇಷ್ಟೇ: ಇಲ್ಲಿ ಯಾರ ಜೊತೆಗೂ ನಿಮ್ಮ ಹೆಸರಿನಲ್ಲಿ ಕೊಟ್ಟಿದ್ದು ತಗೊಂಡಿದ್ದು ಇನ್ನೂ ಇಲ್ಲ. "ನೀವು ಚೆನ್ನಾಗಿದ್ದರೆ ಜನ ತಾವಾಗೇ ಹತ್ತಿರ ಬರ್ತಾರೆ" ಅನ್ನೋ ಸಲಹೆ ಎಲ್ಲರೂ ಕೊಡುತ್ತಾರೆ. ಅದರಿಂದ ಬಂದವರಿಗೆ ಉಪಯೋಗವಾಗಿದ್ದು ಕಡಿಮೆ. ಕೊಡು-ಕೊಳ್ಳೋದು ಎಲ್ಲಿ, ಯಾವಾಗ, ಎಷ್ಟರಿಂದ ಶುರುವಾಗುತ್ತದೆ ಅನ್ನೋದು ಗೊತ್ತಿರಬೇಕು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾರಿಗಾಗಿ ಅಂದರೆ, ನರಸಾಪುರ, ವೇಮಗಲ್, ಮಾಲೂರು, ಗೌರಿಬಿದನೂರಿನ ಕಾರ್ಖಾನೆಗಳಿಗೆ ಬಂದಿರುವ ಹುಡುಗ ಹುಡುಗಿಯರಿಗೆ. ಬಾಗೇಪಲ್ಲಿ, ಶ್ರೀನಿವಾಸಪುರದ ಹಳ್ಳಿಗಳಿಗೆ ಪೋಸ್ಟಿಂಗ್ ಆಗಿ ಬಂದ ಕಲಬುರಗಿ, ರಾಯಚೂರು, ವಿಜಯಪುರ ಕಡೆಯ ಮೇಷ್ಟ್ರು, ನರ್ಸು, ಪಿಡಿಒ, ಗ್ರಾಮ ಆಡಳಿತ ಅಧಿಕಾರಿಗಳಿಗೆ. ಇಲ್ಲಿಯವರಿಗೂ ಕೆಲವು ಮಾತುಗಳಿವೆ.

ಮೊದಲು ಮನೆ. ಮಾಲೀಕರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ: ಎಲ್ಲಿ ಕೆಲಸ, ಎಷ್ಟು ಜನ ಇರ್ತೀರ, ನಾನ್‌ವೆಜ್ ಮಾಡ್ತೀರಾ, ಊರಿಂದ ನೆಂಟರು ತುಂಬ ಬರ್ತಾರಾ. ಎಷ್ಟು ಜನ ಅನ್ನೋದನ್ನು ಒತ್ತಿ ಒತ್ತಿ ಕೇಳುವುದಕ್ಕೆ ಕಾರಣ ನೀರು. ಇಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ, ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಸಾಮಾನ್ಯ, ಬೇಸಿಗೆಯಲ್ಲಿ ಟ್ಯಾಂಕರ್ ಹಾಕಿಸಿಕೊಳ್ಳುವ ಖರ್ಚು ಮಾಲೀಕರ ಮೇಲೆ ಬೀಳುತ್ತದೆ. ಆದ್ದರಿಂದ ಇಬ್ಬರು ಅಂತ ಹೇಳಿ ಐದು ಜನ ಇದ್ದರೆ ಮೂರನೇ ತಿಂಗಳಿಗೆ ಜಗಳ ಖಂಡಿತ. ನಿಜವಾದ ಸಂಖ್ಯೆ ಹೇಳಿ, ಟ್ಯಾಂಕರ್ ಬಂದಾಗ ಪಾಲು ಎಷ್ಟು ಅನ್ನೋದನ್ನು ಅಡ್ವಾನ್ಸ್ ಕೊಡುವ ಮೊದಲೇ ಮಾತಾಡಿಕೊಳ್ಳಿ. ಹಳ್ಳಿಯಲ್ಲಾದರೆ ಒಬ್ಬರೇ ಹೋಗಿ ಮನೆ ಕೇಳಬೇಡಿ. ಹೆಡ್‌ಮೇಷ್ಟ್ರು ಅಥವಾ ಹಾಲಿನ ಡೇರಿಯ ಕಾರ್ಯದರ್ಶಿ ಜೊತೆಗಿದ್ದರೆ ಅರ್ಧ ಪ್ರಶ್ನೆಗಳು ಕೇಳದೆಯೇ ಮುಗಿಯುತ್ತವೆ. ಡೇರಿ ಕಾರ್ಯದರ್ಶಿ ಬೆಳಿಗ್ಗೆ ಸಂಜೆ ಊರಿನ ಅರ್ಧ ಮನೆಯವರ ಮುಖ ನೋಡುವ ಮನುಷ್ಯ. ಯಾವ ಮನೆ ಖಾಲಿ ಇದೆ, ಯಾರು ಬಾಡಿಗೆಗೆ ಕೊಡುತ್ತಾರೆ ಅನ್ನೋದು ಅವರಿಗೆ ಗೊತ್ತಿರುತ್ತದೆ.

ಬಾಡಿಗೆಯ ಜೊತೆಗೆ ಇಲ್ಲಿ ಭೋಗ್ಯದ ರೂಢಿಯೂ ಇದೆ. ದೊಡ್ಡ ಮೊತ್ತ ಒಂದೇ ಸಲ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರೋದು, ಬಿಡುವಾಗ ಪೂರ್ತಿ ಹಣ ವಾಪಸ್. ಹೊರಗಿನಿಂದ ಬಂದವರು ಹಣ ಕಳೆದುಕೊಳ್ಳುವುದು ಇಲ್ಲೇ ಹೆಚ್ಚು. ಸಾಮಾನ್ಯವಾಗಿ ಆಗೋದು ಹೀಗೆ: ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲ ಇರುತ್ತದೆ, ಮಾಲೀಕರು ಕಂತು ಕಟ್ಟುವುದಿಲ್ಲ, ಒಂದು ದಿನ ಬಾಗಿಲಿಗೆ ಹರಾಜಿನ ನೋಟಿಸ್ ಅಂಟುತ್ತದೆ. ಹಣ ಕೊಡುವ ಮೊದಲು ಕಾವೇರಿ ಪೋರ್ಟಲ್‌ನಲ್ಲಿ ಆ ಆಸ್ತಿಯ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ ತೆಗೆಸಿ. ನಮೂನೆ 15 ಬಂದರೆ ಅದರಲ್ಲಿ ವ್ಯವಹಾರಗಳ ಪಟ್ಟಿ ಇರುತ್ತದೆ, ಅಡಮಾನದ ಸಾಲು ಇದೆಯಾ ನೋಡಿ. ನಮೂನೆ 16 ಅಂದರೆ ಆ ಅವಧಿಯಲ್ಲಿ ನೋಂದಾದ ವ್ಯವಹಾರ ಇಲ್ಲ ಅಂತ. ಕೈಸಾಲ ಇದರಲ್ಲಿ ಕಾಣುವುದಿಲ್ಲ, ಅದನ್ನು ಅಕ್ಕಪಕ್ಕದವರ ಬಾಯಿಂದಲೇ ತಿಳಿಯಬೇಕು. ಭೋಗ್ಯಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿರಬೇಕು, ನೋಟರಿ ಮುದ್ರೆ ಸಾಲದು. ಹಣ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕೊಡಿ. ಊರಿನವರಾದರೆ ಪಂಚಾಯ್ತಿ ಸೇರಿಸಿ ವಸೂಲಿ ಮಾಡಿಕೊಳ್ಳುತ್ತಾರೆ. ನಿಮಗೆ ಆ ಬಲ ಇಲ್ಲ, ಕಾಗದವೇ ಬಲ.

ಇನ್ನು ಎಲ್ಲರೂ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ: "ನೀವು ಯಾವ ಜನ?" ಟೌನಿನಲ್ಲೂ ಕೇಳುತ್ತಾರೆ, ಓದಿದವರೂ ಕೇಳುತ್ತಾರೆ. ಮುಸ್ಲಿಮರಿಗೆ ಹೆಸರು ಹೇಳಿದ ಕೂಡಲೇ "ಮನೆ ಆಗೋಯ್ತು" ಅನ್ನುವ ಉತ್ತರ ಸಿಗುತ್ತದೆ, ಬೋರ್ಡು ಮಾತ್ರ ಮಾರನೇ ದಿನವೂ ನೇತಾಡುತ್ತಿರುತ್ತದೆ. ದಲಿತರು ಬೇರೆ ಜಾತಿ ಹೇಳಿ ಮನೆ ಹಿಡಿದರೆ ಊರಿನಿಂದ ಅಪ್ಪ ಅಮ್ಮ ಬಂದಾಗಲೆಲ್ಲ ಎದೆ ಹೊಡೆದುಕೊಳ್ಳುವ ಬದುಕಾಗುತ್ತದೆ. ನನ್ನ ಅಭಿಪ್ರಾಯ ಇಷ್ಟು: ಸುಳ್ಳು ಹೇಳಬೇಕಾಗಿ ಬಂದದ್ದಕ್ಕೆ ಹೇಳಿದವರು ನಾಚಬೇಕಾಗಿಲ್ಲ, ಕೇಳಿದವರು ನಾಚಬೇಕು. ಕೈಗೆ ಸಿಗುವ ದಾರಿ ಅಂದರೆ ಮಾಲೀಕರು ಅದೇ ಕಟ್ಟಡದಲ್ಲಿ ವಾಸ ಇಲ್ಲದ ಹೊಸ ಬಡಾವಣೆಗಳು, ಬಾಡಿಗೆಗಂತಲೇ ಕಟ್ಟಿಸಿದ ಮನೆಗಳು, ಇಲಾಖೆಯ ಕ್ವಾರ್ಟರ್ಸ್. ಅಲ್ಲಿ ಬಾಡಿಗೆ ಸಮಯಕ್ಕೆ ಬಂದರೆ ಸಾಕು ಅನ್ನುವವರು ಹೆಚ್ಚು. ಒಂದು ಕಡೆ ಚೆನ್ನಾಗಿದ್ದು ಬಿಟ್ಟ ಬಾಡಿಗೆದಾರರ ಒಂದು ಮಾತು ಮುಂದಿನ ಬಾಡಿಗೆದಾರರಿಗೆ ಬಾಗಿಲು ತೆರೆಸುತ್ತದೆ. ಆದ್ದರಿಂದ ಮನೆ ಬಿಡುವಾಗ ನಿಮ್ಮ ಹಾಗೆ ಹುಡುಕುತ್ತಿರುವವರ ಹೆಸರನ್ನು ನೀವೇ ಮಾಲೀಕರಿಗೆ ಹೇಳಿ ಹೋಗಿ.

ಭಾಷೆಯ ವಿಚಾರದಲ್ಲಿ ಉತ್ತರ ಕರ್ನಾಟಕದಿಂದ ಬಂದವರಿಗೇ ಹೆಚ್ಚು ಗಾಬರಿ. ಕನ್ನಡ ನಾಡಿನೊಳಗೇ ವರ್ಗವಾಗಿ ಬಂದಿದ್ದೇವೆ ಅಂದುಕೊಂಡು ಬಸ್ಸಿಳಿದರೆ ಸುತ್ತ ತೆಲುಗು. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಶಾಲೆ ಮತ್ತು ಪಂಚಾಯ್ತಿಯ ಮಾತು ಕನ್ನಡ. ಕೆಜಿಎಫ್‌ನಲ್ಲಿ ತಮಿಳು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಗೂಡಿನಿಂದ ನೂಲು ತೆಗೆಸುವ ರೀಲರುಗಳ ನಡುವೆ ಉರ್ದು. ಒಂದೇ ಮಾತಿನಲ್ಲಿ ಅರ್ಧ ಕನ್ನಡ ಅರ್ಧ ತೆಲುಗು ಆಡುವುದು ಇಲ್ಲಿಯವರಿಗೆ ಉಸಿರಾಡಿದಷ್ಟು ಸಲೀಸು. ಕೈವಾರದ ತಾತಯ್ಯನವರು, ಅಂದರೆ ಸಂತಕವಿ ಯೋಗಿ ನಾರೇಯಣರು, ಎರಡೂ ಭಾಷೆಗಳಲ್ಲಿ ಹಾಡಿದವರು, ಆ ಹಾಡುಗಳು ಇಲ್ಲಿಯ ಭಜನೆಗಳಲ್ಲಿ ಅಕ್ಕಪಕ್ಕದಲ್ಲೇ ಬರುತ್ತವೆ. ಆದ್ದರಿಂದ ನೀವಿದ್ದಾಗ ಇಬ್ಬರು ತೆಲುಗಿಗೆ ಹೊರಳಿದರೆ ನಿಮ್ಮಿಂದ ಏನೋ ಮುಚ್ಚಿಡುತ್ತಿದ್ದಾರೆ ಅಂತ ತಿಳಿಯಬೇಡಿ. "ಕನ್ನಡದಲ್ಲಿ ಹೇಳಣ್ಣ" ಅಂದರೆ ತಿರುಗುತ್ತಾರೆ, ಎರಡು ನಿಮಿಷಕ್ಕೆ ಮತ್ತೆ ಹೊರಳುತ್ತಾರೆ. ಮತ್ತೆ ಕೇಳಿ, ಬೇಜಾರು ಮಾಡಿಕೊಳ್ಳುವವರು ಕಡಿಮೆ.

ತೆಲುಗು ಕಲಿಯುವುದಾದರೆ ಮೊದಲು ಅಂಕಿಗಳು, ಆಮೇಲೆ ಹೊತ್ತು, ಆಮೇಲೆ ನೀರು, ಹಾಲು, ಬಸ್ಸು, ಬಾ, ಹೋಗು. ಅಂಗಡಿ, ಡೇರಿ, ಆಟೋ ಮೂರೂ ಇಷ್ಟರಲ್ಲೇ ನಡೆಯುತ್ತವೆ. ಕರೆಯುವುದು ಸುಲಭ: ಅಣ್ಣ, ಅಕ್ಕ, ತಾತ ಇಲ್ಲಿ ಎರಡು ಭಾಷೆಗೂ ಒಂದೇ. ಉತ್ತರದ ಕಡೆ ಮರ್ಯಾದೆಯಿಂದ ಅನ್ನುವ "ಏನ್ರಿ" ಇಲ್ಲಿ ಜಗಳಕ್ಕೆ ಬಂದ ಹಾಗೆ ಕೇಳಿಸುತ್ತದೆ, "ಏನಣ್ಣ" ಅಂದರೆ ಕೆಲಸ ಆಗುತ್ತದೆ. ಮೇಷ್ಟ್ರಾಗಿ ಬಂದವರಿಗೆ ಒಂದು ಮಾತು. ಒಂದನೇ ತರಗತಿಯ ಮಗು ನೀವು ಕೇಳಿದ್ದಕ್ಕೆ ಸುಮ್ಮನೆ ನಿಂತಿದೆ ಅಂದರೆ ಅದಕ್ಕೆ ಪಾಠ ಬರುವುದಿಲ್ಲ ಅಂತ ಬರೆದುಬಿಡಬೇಡಿ. ಮನೆಯಲ್ಲಿ ತೆಲುಗು, ಪುಸ್ತಕದಲ್ಲಿ ಒಂದು ಕನ್ನಡ, ನಿಮ್ಮ ಬಾಯಲ್ಲಿ ಇನ್ನೊಂದು ಕನ್ನಡ. ಮೊದಲ ತಿಂಗಳು ವಾಕ್ಯಗಳನ್ನು ಚಿಕ್ಕದು ಮಾಡಿ, ತರಗತಿಯಲ್ಲಿ ಎರಡೂ ಭಾಷೆ ಬರುವ ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿ.

"ಹೊರಗಿನಿಂದ ಬಂದವರು" ಅನ್ನುವ ಇಲ್ಲಿಯವರಿಗೂ ಒಂದು ನೆನಪು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹೆಸರಿನ ಮುಂದೆ ಇರುವ ಮೋಕ್ಷಗುಂಡಂ ಆಂಧ್ರದ ಒಂದು ಊರು. ಅವರ ಹಿರಿಯರು ಅಲ್ಲಿಂದ ವಲಸೆ ಬಂದವರು.

ನೀರಿನ ವಿಚಾರಕ್ಕೆ ಬಂದರೆ, ಹಳ್ಳಿಯಲ್ಲಿ ಮೊದಲು ಪರಿಚಯ ಮಾಡಿಕೊಳ್ಳಬೇಕಾದವರು ನೀರುಗಂಟಿ. ನಲ್ಲಿಗೆ ನೀರು ಯಾವ ಬೀದಿಗೆ ಯಾವಾಗ ಬಿಡುತ್ತಾರೆ ಅನ್ನೋದು ಬೋರ್ಡಿನಲ್ಲಿ ಇರುವುದಿಲ್ಲ, ಕರೆಂಟ್ ಬರುವ ಹೊತ್ತಿನ ಮೇಲೆ ಬದಲಾಗುತ್ತದೆ. ಅವರ ಫೋನ್ ನಂಬರ್ ಇಟ್ಟುಕೊಳ್ಳಿ. ಕುಡಿಯುವುದಕ್ಕೆ ಬೋರ್ ನೀರು ಬೇಡ. ಈ ಎರಡೂ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲು, ಮೂಳೆ ಎರಡಕ್ಕೂ ತೊಂದರೆ. ಕುದಿಸಿ ಕುಡಿದರೆ ಸಾಕು ಅಂತ ಬಂದವರು ಅಂದುಕೊಳ್ಳುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಪಂಚಾಯ್ತಿಯ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಅಲ್ಲಿಯ ಸಾಲಿನಲ್ಲಿ ಮನುಷ್ಯರ ಬದಲು ಕ್ಯಾನ್‌ಗಳು ನಿಂತಿರುತ್ತವೆ, ಇಟ್ಟವರು ಮರದ ನೆರಳಲ್ಲಿರುತ್ತಾರೆ. ಹೊಸಬರು ಯಾರೂ ಇಲ್ಲ ಅಂತ ಮುಂದೆ ಹೋಗಿ ತುಂಬಿಸಿಕೊಂಡರೆ ಮೊದಲ ಕೆಟ್ಟ ಹೆಸರು ಅಲ್ಲೇ ಬರುತ್ತದೆ. ಕೊನೆಯ ಕ್ಯಾನ್ ಯಾರದ್ದು ಅಂತ ಕೇಳಿ, ಅದರ ಹಿಂದೆ ನಿಮ್ಮದು ಇಡಿ. ಮುಂದಿನ ಅಜ್ಜಿಯ ಕ್ಯಾನನ್ನು ಎತ್ತಿ ಗಾಡಿಗೆ ಇಟ್ಟುಕೊಡಿ. ಊರಿನ ಸುದ್ದಿ, ಖಾಲಿ ಮನೆ, ಒಳ್ಳೆ ಡಾಕ್ಟರು, ಯಾರ ಮನೆಯಲ್ಲಿ ಮದುವೆ, ಎಲ್ಲ ತಿಳಿಯುವ ಜಾಗ ಅದೇ.

ಇನ್ನು ಮುಯ್ಯಿ, ಅಂದರೆ ಮದುವೆಗೆ ಬಂದವರು ಹಾಕುವ ಹಣ. ಮದುವೆಯ ಛತ್ರದಲ್ಲಿ ಊಟದ ಹಾಲ್‌ಗೆ ಹೋಗುವ ದಾರಿಯಲ್ಲಿ ಒಂದು ಮೇಜು ಇರುತ್ತದೆ. ಇಬ್ಬರು ಕೂತಿರುತ್ತಾರೆ, ಒಬ್ಬರು ಬರೆಯುವವರು, ಇನ್ನೊಬ್ಬರು ಹಣ ಎಣಿಸಿ ಚೀಲಕ್ಕೆ ಹಾಕುವವರು. ಉದ್ದನೆ ಗೆರೆ ಹಾಕಿದ ಪುಸ್ತಕ, ಮೂಲೆಗಳಿಗೆ ಅರಿಶಿನ, ಮೊದಲ ಪುಟದ ಮೇಲೆ ಶ್ರೀ, ಕೆಳಗೆ ಹೆಣ್ಣು ಗಂಡಿನ ಹೆಸರು, ತಾರೀಖು. ಆಮೇಲೆ ಸಾಲುಗಳು: ಹೆಸರು, ಊರು, ಮೊತ್ತ. ಮದುವೆ ಮುಗಿದ ಮೇಲೆ ಆ ಪುಸ್ತಕ ಬೀರುವಿನಲ್ಲಿ ಪತ್ರಗಳ ಜೊತೆ ಸೇರುತ್ತದೆ. ಇನ್ನೊಬ್ಬರ ಮನೆಯ ಮದುವೆಗೆ ಹೊರಡುವ ಹಿಂದಿನ ರಾತ್ರಿ ಅದನ್ನು ತೆಗೆದು, ಅವರು ನಮಗೆ ಎಷ್ಟು ಹಾಕಿದ್ದರು ಅಂತ ನೋಡಿ, ಅಷ್ಟಕ್ಕೆ ಸ್ವಲ್ಪ ಸೇರಿಸಿ ಹಾಕುತ್ತಾರೆ. ಮದುವೆ ಖರ್ಚಿನ ಸ್ವಲ್ಪ ಭಾಗವನ್ನು ಊರು ಹೀಗೆ ಹೊರುತ್ತದೆ, ಮತ್ತೆ ತೀರಿಸಿಕೊಳ್ಳುತ್ತದೆ. ಈ ಪುಸ್ತಕದಲ್ಲಿ ಹೆಸರು ಬಂತು ಅಂದರೆ ನಿಮ್ಮ ಮನೆಯ ಕಾರ್ಯಕ್ಕೆ ಬರುವ ಹೊಣೆ ಒಂದು ಕುಟುಂಬದ ಮೇಲೆ ಬಿತ್ತು ಅಂತ. ಅಲ್ಲಿಂದ ನಿಮ್ಮನ್ನು ಮರೆಯೋಕೆ ಆಗುವುದಿಲ್ಲ.

ಎಷ್ಟು ಹಾಕಬೇಕು? ನಿಮ್ಮ ಹಾಗೇ ಬಾಡಿಗೆಗೆ ಇರುವ ಇನ್ನೊಬ್ಬರನ್ನು ಅಥವಾ ಜೊತೆ ಕೆಲಸದವರನ್ನು ಕೇಳಿ, ಅವರಷ್ಟೇ ಹಾಕಿ. ಕನ್ನಡದವರಲ್ಲಿ 101, 201, 501. ತೆಲುಗಿನವರ ಮನೆಗಳಲ್ಲಿ 116, 516, 1,116. ಹೊಸಬರು ಮಾಡುವ ತಪ್ಪು ಅಂದರೆ ಪ್ರೀತಿ ತೋರಿಸೋಣ ಅಂತ ದೊಡ್ಡ ಮೊತ್ತ ಹಾಕೋದು. ಆ ಮನೆಯವರು ಅದನ್ನು ಒಂದು ದಿನ ತೀರಿಸಬೇಕು. ನೀವು ವರ್ಗವಾಗಿ ಹೋದರೆ ಎಲ್ಲಿಗೆ ಬಂದು ತೀರಿಸೋದು ಅನ್ನುವ ಸಂಕಟಕ್ಕೆ ಅವರನ್ನು ಸಿಕ್ಕಿಸಿದ ಹಾಗಾಗುತ್ತದೆ, ಎದುರು ಸಿಕ್ಕಿದರೆ ಮುಖ ತಪ್ಪಿಸುತ್ತಾರೆ. ಎರಡನೇ ತಪ್ಪು, ಹೆಸರು ಬರೆಸದೆ ಹುಡುಗನ ಕೈಗೆ ಕವರ್ ಕೊಟ್ಟು ಬರೋದು. ಕವರ್ ಮೇಲೆ ಹೆಸರಿಲ್ಲದಿದ್ದರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಈಗ ಫೋನ್‌ಪೇ ಸ್ಟಿಕ್ಕರ್ ಕೂಡ ಮೇಜಿನ ಮೇಲಿರುತ್ತದೆ, ಅದರಲ್ಲಿ ಹಾಕಿದರೂ ಸ್ಕ್ರೀನ್ ತೋರಿಸಿ ಪುಸ್ತಕದಲ್ಲಿ ಬರೆಸಿ. ಊರು ಯಾವುದು ಅಂತ ಕೇಳಿದಾಗ ನಿಮ್ಮ ಊರಿನ ಹೆಸರಿನ ಜೊತೆಗೆ ಹಾಲಿ ವಾಸವನ್ನೂ ಹೇಳಿ: ಸಿಂಧನೂರು, ಹಾಲಿ ವಾಸ ನರಸಾಪುರ. ಬರೀ ಸಿಂಧನೂರು ಅಂತಿದ್ದರೆ ನಾಲ್ಕು ವರ್ಷದ ನಂತರ ಪುಸ್ತಕ ತೆಗೆದವರಿಗೆ ಯಾರು ಅಂತ ಹೊಳೆಯುವುದಿಲ್ಲ.

ಮುಯ್ಯಿ ಪಡೆಯೋದೂ ಅಷ್ಟೇ ಮುಖ್ಯ, ಇದನ್ನು ಬಂದವರು ಮರೆಯುತ್ತಾರೆ. ನಿಮ್ಮ ಮದುವೆಯೋ ಮಗುವಿನ ನಾಮಕರಣವೋ ನಿಮ್ಮೂರಿನಲ್ಲಿ ಆದರೆ ಇಲ್ಲಿಯವರು ಬರುವುದಕ್ಕೆ ಆಗುವುದಿಲ್ಲ. ಹಿಂದಿರುಗಿದ ಮೇಲೆ ಒಂದು ಭಾನುವಾರ ಸಣ್ಣದಾಗಿ ಊಟ ಇಟ್ಟುಕೊಳ್ಳಿ. ಬಂದವರು ಮಗುವಿನ ಕೈಗೆ ನೂರು ರೂಪಾಯಿ ಇಟ್ಟರೆ "ಬೇಡ ಬೇಡ" ಅಂತ ಹಿಂದಕ್ಕೆ ಕೊಡಬೇಡಿ. ಕೊಟ್ಟವರಿಗೆ ಅದು ಮರ್ಯಾದೆಯ ಹಾಗೆ ಕಾಣುವುದಿಲ್ಲ, ನಂಟು ಬೇಡ ಅಂದ ಹಾಗೆ ಕಾಣುತ್ತದೆ.

ಮದುವೆಗೆ ಕರೆದರೆ ಹೋಗೋದು, ಮಣ್ಣಿಗೆ ಕರೆಯದೆ ಹೋಗೋದು. ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ ಕರೆ ಬರಲಿ ಅಂತ ಕಾಯಬೇಡಿ. ಪರಿಚಯ ಇಲ್ಲ ಅನ್ನೋದು ಇಲ್ಲಿ ನೆಪವೇ ಅಲ್ಲ. ಚಪ್ಪಲಿ ದೂರ ಬಿಟ್ಟು, ಊದಿನಕಡ್ಡಿ ಅಥವಾ ಹೂವಿನ ಹಾರ ಇಟ್ಟು, ಒಂದು ಕಡೆ ನಿಂತರೆ ಸಾಕು. ಮಾತಾಡಬೇಕಾಗಿಲ್ಲ. ಹೊರಡುವಾಗ "ಹೋಗಿ ಬರ್ತೀನಿ" ಅನ್ನಬಾರದು, ಸುಮ್ಮನೆ ಹೊರಡಬೇಕು, ಮನೆಗೆ ಬಂದು ಸ್ನಾನ ಮಾಡಬೇಕು. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಕಾಫಿ, ಊಟ ಕಳಿಸುತ್ತಾರೆ. ಹೊಸಬರು ಕಳಿಸಿದ ಬೇಯಿಸಿದ ಊಟವನ್ನು ಜಾತಿ ಗೊತ್ತಿಲ್ಲ ಅಂತ ಮುಟ್ಟದೆ ಇಡುವವರೂ ಇದ್ದಾರೆ, ಬರೆಯಲು ಸಂಕಟವಾಗುತ್ತದೆ, ಆದರೆ ಇದೆ. ಆ ಹೊತ್ತಿನಲ್ಲಿ ಎಲ್ಲರಿಗೂ ಬೇಕಾಗುವ ಕೆಲಸಗಳು ಬೇರೆ ಇವೆ: ಎರಡು ಕ್ಯಾನ್ ನೀರು ತರೋದು, ಕುರ್ಚಿ ಹಾಕೋದು, ಫ್ರೀಜರ್ ಬಾಕ್ಸ್‌ಗೆ ಫೋನ್ ಮಾಡೋದು, ಬಸ್ ಸ್ಟ್ಯಾಂಡಿನಿಂದ ನೆಂಟರನ್ನು ಬೈಕಿನಲ್ಲಿ ಕರೆದುಕೊಂಡು ಬರೋದು. ಬೈಕ್ ಇರುವ ಹೊಸಬರು ಆ ಒಂದು ದಿನ ನಾಲ್ಕು ಸಲ ಓಡಾಡಿದರೆ, ವರ್ಷಗಟ್ಟಲೆ ನಮಸ್ಕಾರ ಹಾಕಿದ್ದಕ್ಕಿಂತ ಹೆಚ್ಚು ಹತ್ತಿರವಾಗುತ್ತಾರೆ.

ಊಟದ ಬಗ್ಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ರೊಟ್ಟಿ ತಿಂದು ಬೆಳೆದವರಿಗೆ ಮುದ್ದೆ ಮೊದಮೊದಲು ಇಳಿಯುವುದಿಲ್ಲ, ಯಾಕೆಂದರೆ ಅಗಿಯುತ್ತಾರೆ. ಅಗಿದರೆ ಹಲ್ಲಿಗೆ ಮೆತ್ತುತ್ತದೆ. ಗೋಲಿಗಿಂತ ಸ್ವಲ್ಪ ದೊಡ್ಡದು ಮುರಿದು, ಬಸ್ಸಾರಿನಲ್ಲೋ ಹುರಳಿ ಸಾರಿನಲ್ಲೋ ಪೂರ್ತಿ ಹೊರಳಿಸಿ, ನುಂಗಬೇಕು. ಮುದ್ದೆ ಬಿಸಿ ಇರಬೇಕು, ಸಾರು ತೆಳ್ಳಗಿರಬೇಕು. ಆಗುವುದಿಲ್ಲ ಅನ್ನಿಸಿದರೆ ಬಡಿಸುವ ಮೊದಲೇ "ಅರ್ಧ ಸಾಕಕ್ಕ" ಅನ್ನಿ. ತಟ್ಟೆಯಲ್ಲಿ ಬಿಟ್ಟು ಏಳುವುದು ಇಲ್ಲಿ ನೋವು ಕೊಡುತ್ತದೆ. ಮಾಂಸ ತಿನ್ನದವರು ತಿಥಿ, ಊರಹಬ್ಬದ ಊಟಕ್ಕೆ ಕರೆದಾಗಲೇ ಹೇಳಿಬಿಡಿ, ಎಲೆಯ ಮುಂದೆ ಕೂತ ಮೇಲೆ ಹೇಳಬೇಡಿ.

ಊರಹಬ್ಬಕ್ಕೆ ಚಂದಾ ಎತ್ತುವಾಗ ಬಾಡಿಗೆದಾರರನ್ನು ಬಿಟ್ಟು ಹೋಗುವುದುಂಟು. ಕೇಳಲಿಲ್ಲ ಅಂತ ಸುಮ್ಮನಿರುವ ಬದಲು ಪಟ್ಟಿ ಹಿಡಿದವರನ್ನು ಹುಡುಕಿ, ಬಾಡಿಗೆ ಮನೆಯವರಿಗೆ ಎಷ್ಟು ಅಂತ ಕೇಳಿ ಕೊಡಿ, ಪಟ್ಟಿಯಲ್ಲಿ ಹೆಸರು ಬರೆಸಿ. ಆದರೆ ತಂಬಿಟ್ಟಿನ ಆರತಿ ಯಾರ ಮನೆಯಿಂದ ಮೊದಲು ಹೊರಡುತ್ತದೆ, ದೇವರ ಮುಂದೆ ಯಾರು ನಿಲ್ಲುತ್ತಾರೆ ಅನ್ನೋದು ಮೊದಲೇ ಗೊತ್ತಾಗಿರುವ ಸರದಿ. ಅಲ್ಲಿ ಯಾರೋ ಸಲಿಗೆಯಿಂದ ಕರೆದರು ಅಂತ ನುಗ್ಗಬೇಡಿ. ಎರಡು ಗುಂಪುಗಳ ಹಳೆಯ ಜಗಳದಲ್ಲಿ ಹೊಸಬರನ್ನು ಮುಂದೆ ತಳ್ಳುವವರು ಪ್ರತಿ ಊರಿನಲ್ಲೂ ಇರುತ್ತಾರೆ. ಇದೇ ಕಾರಣಕ್ಕೆ ಮೊದಲ ವರ್ಷ ಯಾವ ಚೀಟಿಗೂ ಸೇರಬೇಡಿ, ಯಾರ ಸಾಲಕ್ಕೂ ಜಾಮೀನು ಹಾಕಬೇಡಿ. ಸಂಬಳದ ಕೆಲಸದವರು ಅಂದಕೂಡಲೇ ಎರಡಕ್ಕೂ ಕೇಳಿಕೊಂಡು ಬರುತ್ತಾರೆ. "ಊರಲ್ಲಿ ಮನೆ ಸಾಲ ನಡೀತಿದೆ ಅಣ್ಣ" ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕಾಗದಪತ್ರಗಳು. ಜನರ ದಯೆಗೆ ಕಾಯದೆ ಸಿಗಬೇಕಾದ್ದೆಲ್ಲ ಇವುಗಳಿಂದಲೇ, ಆದ್ದರಿಂದ ಬಂದ ತಿಂಗಳಲ್ಲೇ ಹಿಡಿಯಿರಿ. ಪಡಿತರ ಚೀಟಿ ಬದಲಾಯಿಸಬೇಕಿಲ್ಲ. ಒಂದು ದೇಶ ಒಂದು ಪಡಿತರ ವ್ಯವಸ್ಥೆಯಲ್ಲಿ ಆಧಾರ್ ಜೋಡಣೆಯಾದ ಚೀಟಿಗೆ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಪಡೆಯಬಹುದು. ನಿಮ್ಮ ಪಾಲನ್ನು ಇಲ್ಲಿ, ಮನೆಯವರ ಪಾಲನ್ನು ಊರಲ್ಲಿ ತಗೊಳ್ಳೋದಕ್ಕೂ ಅವಕಾಶ ಇದೆ. ಬೇರೆ ರಾಜ್ಯದವರಿಗೆ ಕೇಂದ್ರದ ಪಾಲು ಮಾತ್ರ ಸಿಗುತ್ತದೆ. ಗ್ಯಾಸಿಗೆ ವಿಳಾಸದ ದಾಖಲೆ ಇಲ್ಲದಿದ್ದರೆ ಗುರುತಿನ ಚೀಟಿ ತೋರಿಸಿ 5 ಕೆಜಿ ಸಿಲಿಂಡರ್ ಕೊಳ್ಳಬಹುದು. ಉಚಿತ ಕರೆಂಟಿನ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಹಿಂದಿದ್ದವರು ಆ ಮೀಟರಿನ ಆರ್‌ಆರ್ ಸಂಖ್ಯೆಯಿಂದ ತಮ್ಮ ಆಧಾರ್ ಬಿಡಿಸಿಕೊಂಡಿದ್ದಾರಾ ಅಂತ ಮನೆ ಹಿಡಿಯುವಾಗಲೇ ಕೇಳಿ, ಅದು ಆಗದೆ ನಿಮ್ಮ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

ಮತದಾರರ ಪಟ್ಟಿಯಲ್ಲಿ ಹೆಸರನ್ನು ಇಲ್ಲಿಯ ವಿಳಾಸಕ್ಕೆ ಬದಲಾಯಿಸಿಕೊಳ್ಳೋಕೆ ನಮೂನೆ 8. ಹೊಸದಾಗಿ ಸೇರುವವರ ನಮೂನೆ 6 ಅನ್ನು ಮತ್ತೆ ತುಂಬಿದರೆ ಎರಡು ಕಡೆ ಹೆಸರಾಗುತ್ತದೆ, ಅದು ಅಪರಾಧ. ಬಾಡಿಗೆ ಕರಾರನ್ನು ವಿಳಾಸಕ್ಕೆ ದಾಖಲೆ ಅಂತ ಕೊಡಬೇಕಾದರೆ ಅದು ನೋಂದಣಿ ಆಗಿರಬೇಕು. 11 ತಿಂಗಳ ಕರಾರುಗಳು ಸಾಮಾನ್ಯವಾಗಿ ನೋಂದಣಿ ಆಗಿರುವುದಿಲ್ಲ, ಅರ್ಜಿ ತಿರಸ್ಕಾರವಾಗೋದು ಇದರಿಂದಲೇ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇಲ್ಲಿಯ ವಿಳಾಸ ಹಾಕಿಸಿಕೊಂಡು ಅದನ್ನು ಕೊಡಿ. ಸಂದೇಹ ಇದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ. ಪಂಚಾಯ್ತಿ ಮೆಂಬರ್ ನಿಮ್ಮ ಬೀದಿಯ ದೀಪದ ಬಗ್ಗೆ ಕಿವಿಗೊಡುವುದಕ್ಕೂ ಪಟ್ಟಿಯಲ್ಲಿ ನಿಮ್ಮ ಹೆಸರು ಇರುವುದಕ್ಕೂ ನೇರ ಸಂಬಂಧ ಇದೆ.

ಎಂಟನೇ ತರಗತಿವರೆಗಿನ ಮಕ್ಕಳಿದ್ದರೆ, ಟಿಸಿ ಬಂದಿಲ್ಲ ಅಂತ ಸರ್ಕಾರಿ, ಅನುದಾನಿತ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹಾಗೇ ಹೇಳುತ್ತದೆ. ವಯಸ್ಸಿನ ದಾಖಲೆ ಇಲ್ಲ ಅಂತಲೂ ಕಳಿಸುವಂತಿಲ್ಲ. ರಾಜ್ಯದೊಳಗಿನ ಮಗುವಾದರೆ ಹಳೆಯ ಶಾಲೆಯಿಂದ ಸ್ಯಾಟ್ಸ್ ಸಂಖ್ಯೆ, ಅಂದರೆ ಇಲಾಖೆಯ ಕಂಪ್ಯೂಟರಿನಲ್ಲಿ ಮಗುವಿಗೆ ಕೊಟ್ಟಿರುವ ಸಂಖ್ಯೆ ಕೇಳಿ ಬರೆದುಕೊಂಡು ಬನ್ನಿ, ಅದಿಲ್ಲದೆ ಹೆಸರು ಎರಡು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಗರ್ಭಿಣಿಯಾಗಿದ್ದರೆ ತಾಯಿ ಕಾರ್ಡ್ ತೋರಿಸಿ ಬೀದಿಯ ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿಯಲ್ಲಿ ಹೆಸರು ಬರೆಸಿ.

ಇಷ್ಟು ಮಾಡಿದರೂ ಕೆಲವರ ಹೊರಗಿನತನ ಕರಗುವುದಿಲ್ಲ. ಅವರು ಎಲ್ಲಿಂದಲೂ ಬಂದವರೇ ಅಲ್ಲ. ಕೆಜಿಎಫ್ ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ತೆಗೆದ ಮೇಲೆ ತಮಿಳು ಸೀಮೆಯಿಂದ ಕೂಲಿಗೆ ಬಂದವರ ಮೊಮ್ಮಕ್ಕಳ ಮಕ್ಕಳು ಅದೇ ಲೈನ್ ಮನೆಗಳಲ್ಲಿ ಹುಟ್ಟಿದ್ದಾರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಅವರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ವಾಪಸ್ ಬರುತ್ತಾರೆ. ಜಿಲ್ಲಾ ಕೇಂದ್ರದ ಕಚೇರಿಗಳಲ್ಲಿ ಇವತ್ತಿಗೂ ಅವರನ್ನು "ತಮಿಳುನಾಡಿನವರಾ?" ಅಂತ ಕೇಳುತ್ತಾರೆ.

ದಲಿತ ಕೇರಿಗಳ ವಿಚಾರ ಇನ್ನೂ ಕಠಿಣ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು 7 ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದು ಆರೋಪಿಗಳು ಖುಲಾಸೆಯಾದರು. ಆ ಊರಿನಲ್ಲೇ ಹುಟ್ಟಿ, ಆ ಊರಿನ ಹೊಲದಲ್ಲೇ ದುಡಿದವರು ಅವರು. ಇಂಥ ಕಡೆ ಮುಯ್ಯಿ, ಚಂದಾ, ಮಣ್ಣು ಅನ್ನುವ ಸಲಹೆ ಕೊಡುವುದು ಅವಮಾನ, ಯಾಕೆಂದರೆ ಬಾಗಿಲು ಹಾಕಿಕೊಂಡವರು ಬೇರೆಯವರು. ಬಹಿಷ್ಕಾರ ಈಗ ಬಾಯಲ್ಲಿ ಸಾರಿ ಹೇಳುವುದಿಲ್ಲ. ಅಂಗಡಿಯಲ್ಲಿ ಸಾಮಾನು "ಖಾಲಿ" ಆಗುತ್ತದೆ, ಡೇರಿಯಲ್ಲಿ ಹಾಲು "ನೀರಾಗಿದೆ" ಅಂತ ವಾಪಸ್ ಬರುತ್ತದೆ, ಕೂಲಿಗೆ ಕರೆ ನಿಲ್ಲುತ್ತದೆ, ಹೋಟೆಲಿನಲ್ಲಿ ಲೋಟ ಬೇರೆಯಾಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 3(1)(ಝಡ್‌ಸಿ) ಪ್ರಕಾರ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದೂ ಹಾಕುತ್ತೇವೆ ಅಂತ ಬೆದರಿಸುವುದೂ ಅಪರಾಧ. ದೂರು ಬಲವಾಗಬೇಕಾದರೆ ಪ್ರತಿ ದಿನದ್ದನ್ನೂ ಬರೆದಿಡಬೇಕು: ತಾರೀಖು, ಹೊತ್ತು, ಜಾಗ, ಆಡಿದ ಮಾತು ಇದ್ದ ಹಾಗೇ, ಸುತ್ತ ಯಾರಿದ್ದರು. "ಜಾತಿ ಹಿಡಿದು ಬೈದರು" ಅಂತಷ್ಟೇ ಬರೆದ ದೂರುಗಳು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ ಅದೇ ಕಾಯ್ದೆಯ 18ಎ ಸೆಕ್ಷನ್ ಹೇಳುತ್ತದೆ, ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಠಾಣೆಯಲ್ಲಿ ಸ್ವೀಕೃತಿ ಕೊಡದಿದ್ದರೆ ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ದೌರ್ಜನ್ಯ ತಡೆ ಸಹಾಯವಾಣಿ 14566ಕ್ಕೆ ಫೋನ್ ಮಾಡಿ. ಊರಿಗೆ ಹೊಸದಾಗಿ ಬಂದ ಮೇಷ್ಟ್ರು, ನರ್ಸು, ಪಿಡಿಒಗಳಿಗೆ ಇಲ್ಲಿ ಒಂದು ಜವಾಬ್ದಾರಿ ಇದೆ. ನೀವು ಎರಡೂ ಕಡೆಗೆ ಹೊಸಬರು. ಯಾವ ಬೀದಿಯಲ್ಲಿ ಕಾಫಿ ಕುಡಿಯಬೇಕು ಅಂತ ಯಾರು ಹೇಳಿದರೂ ಕೇಳಬೇಡಿ, ಕೇರಿಯಲ್ಲೂ ಕೂತು ಕುಡಿಯಿರಿ.

ಕೊನೆಗೆ, ಮನೆ ಕೊಟ್ಟ ಮಾಲೀಕರು ಮತ್ತು ಪಿಜಿ ನಡೆಸುವವರಿಗೆ. ಹೊರಗಿನವರು ನಿಜವಾಗಿ ಒಂಟಿಯಾಗೋದು ಜ್ವರ ಬಂದ ದಿನ. ನೈಟ್ ಶಿಫ್ಟ್ ಮುಗಿಸಿ ಬಂದ ಹುಡುಗಿ ಬಾಗಿಲು ಹಾಕಿಕೊಂಡು ಮಲಗಿದರೆ ಸಂಜೆವರೆಗೂ ಯಾರಿಗೂ ತಿಳಿಯುವುದಿಲ್ಲ. ಅಡ್ವಾನ್ಸ್ ತಗೊಳ್ಳುವ ದಿನವೇ ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ: ಊರಲ್ಲಿ ಮನೆಯವರ ಇಬ್ಬರ ಫೋನ್, ಅವರಿಗೆ ಯಾವ ಭಾಷೆ ಬರುತ್ತದೆ, ರಕ್ತದ ಗುಂಪು, ದಿನಾ ತಗೊಳ್ಳುವ ಮಾತ್ರೆ, ಇಎಸ್‌ಐ ಅಂದರೆ ಕಾರ್ಮಿಕರ ಆರೋಗ್ಯ ವಿಮೆಯ ಸಂಖ್ಯೆ, ಕೆಲಸಕ್ಕೆ ಸೇರಿಸಿದ ಏಜೆನ್ಸಿಯ ಮೇಲ್ವಿಚಾರಕರ ನಂಬರ್. ಸಂಬಳ ತಿಂಗಳಿಗೆ 21,000 ರೂಪಾಯಿವರೆಗೆ ಇರುವವರಿಗೆ ಇಎಸ್‌ಐ ಅನ್ವಯಿಸುತ್ತದೆ, ಕೆಲಸಗಾರರಿಂದ ಶೇ 0.75, ಕಂಪನಿಯಿಂದ ಶೇ 3.25. ಪೇಸ್ಲಿಪ್‌ನಲ್ಲಿ ಕಡಿತ ಕಾಣುತ್ತಿದ್ದರೂ ಸಂಖ್ಯೆ ಕೊಟ್ಟಿಲ್ಲ ಅಂದರೆ ಏಜೆನ್ಸಿಯನ್ನು ಕೇಳೋಕೆ ಹೇಳಿ, ಆಸ್ಪತ್ರೆಯ ಕೌಂಟರಿನಲ್ಲಿ ತಿಳಿಯೋದಕ್ಕಿಂತ ಇದು ಮೇಲು. ಚಿಕಿತ್ಸೆ ಕೆಲಸಕ್ಕೆ ಸೇರಿದ ದಿನದಿಂದಲೇ ಸಿಗುತ್ತದೆ. ಕಾಯಿಲೆ ರಜೆಯ ದಿನಗಳಿಗೆ ಸಿಗುವ ಶೇ 70ರ ವೇತನಕ್ಕೆ ಮಾತ್ರ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಇಎಸ್‌ಐ ಇಲ್ಲದವರಿಗೆ ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ರಾತ್ರಿಯಾದರೆ 108. ಆಂಬುಲೆನ್ಸ್‌ಗೆ ದಾರಿ ಹೇಳುವಾಗ ಕನ್ನಡ ಬರದ ಹುಡುಗಿಯ ಕೈಗೆ ಫೋನ್ ಕೊಡಬೇಡಿ, ನೀವೇ ಮಾತಾಡಿ, ಜೊತೆಗೆ ಮನೆಯಿಂದ ಒಬ್ಬರು ಹತ್ತಿ ಹೋಗಿ.